ಏಳನೇ ಬಿಲ್ಲೆಯ ಬೆಳಕು

ಬೆಳಗಾಗುವ ಮೊದಲು ಅವಳು ಮುಗಿಸಿದ ಕೆಲಸಗಳು: ನಲ್ಲಿ ನಿಲ್ಲುವುದರೊಳಗೆ ಎರಡು ಬಕೆಟ್ಟು, ಒಂದು ಡ್ರಮ್ಮು ತುಂಬಿಸಿದ್ದು. ನೆನೆಹಾಕಿದ್ದ ಬಟ್ಟೆ ಒಗೆದು, ಹಿಂಡಿ, ಸದ್ದಾಗದಂತೆ ಹರವಿದ್ದು. ಕೊಡವಿದರೆ ಗಂಡನಿಗೆ ಎಚ್ಚರವಾಗುತ್ತದೆ, ಎಚ್ಚರವಾದರೆ ಕಾಫಿ ಬೇಕಾಗುತ್ತದೆ. ಹಾಲು ಕಾಯಿಸಿದ್ದು. ತರಕಾರಿ ಹೆಚ್ಚಿ ಬೇಯಿಸಿ, ಅತ್ತೆಯ ಪಾಲನ್ನು ಉಪ್ಪು ಹಾಕುವ ಮೊದಲೇ ತೆಗೆದಿಟ್ಟಿದ್ದು. ಮೂರು ಡಬ್ಬಿ ಕಟ್ಟಿದ್ದು. ಅತ್ತೆಯ ಮಾತ್ರೆಗಳನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಬಟ್ಟಲಿಗೆ ಹಾಕಿ ಮುಚ್ಚಿದ್ದು. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದು. ಅರ್ಧಕ್ಕೆ ಬಿಟ್ಟು ಮಲಗಿದ್ದ ಮಗಳ ನಕ್ಷೆಯಲ್ಲಿ ನದಿಗಳಿಗೆ ನೀಲಿ ಬಳಿದದ್ದು. ಎರಡನೇ ಪಾಳಿಗೆ ಹೋಗುವ ಗಂಡನ ಅಂಗಿಗೆ ಇಸ್ತ್ರಿ. ಕಸದ ಚೀಲ ಬಾಗಿಲಾಚೆಗೆ. ನಡುವೆ ಎಲ್ಲೋ ನಿಂತುಕೊಂಡೇ ಒಂದು ಲೋಟ ಕಾಫಿ.

ಇದರಲ್ಲಿ ಒಂದನ್ನೂ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬಿಟ್ಟಾಗ ಮಾತ್ರ ಎಲ್ಲರಿಗೂ ಕಾಣುವ ಕೆಲಸಗಳು ಇವು.

"ಇಷ್ಟು ಬೇಗ ಹೊರಟ್ಯಾ?" ಮಂಚದಿಂದಲೇ ಅತ್ತೆ ಕೇಳಿದರು.

"ಇವತ್ತು ದೊಡ್ಡವರೊಬ್ಬರು ಬರ್ತಾರೆ ಅತ್ತೆ, ನಮ್ಮ ಕೆಲಸ ನೋಡೋಕೆ. ಹನ್ನೊಂದಕ್ಕೆ."

"ಹನ್ನೆರಡು ವರ್ಷದಿಂದ ಬೆಳಕು ಬೆಳಕು ಅಂತೀಯ. ನಮ್ಮ ಬಚ್ಚಲಿಗೆ ಒಂದು ಬಲ್ಬು ಬಂದಿಲ್ಲ."

"ಬಚ್ಚಲಿನ ಬಲ್ಬು ನಿಮ್ಮ ಮಗನ ಖಾತೆ ಅಲ್ವಾ?"

"ಹಾಗಾದ್ರೆ ಬಂದ ಹಾಗೇ ಬಿಡು," ಎಂದು ಅತ್ತೆ ಗೋಡೆಯ ಕಡೆಗೆ ಮಗ್ಗುಲಾದರು.

ಅವಳ ಕೆಲಸ ಫಿಲ್ಮು ಮಾಡುವುದು. ಓಣಿಯಲ್ಲಿ ಒಮ್ಮೆ ಹಾಗೆಂದು ಪೇಚಿಗೆ ಸಿಕ್ಕಿದ್ದಳು. ಎದುರುಮನೆಯಾಕೆ ಕಣ್ಣರಳಿಸಿ, "ಹೀರೋ ಯಾರಮ್ಮ?" ಎಂದು ಕೇಳಿದಾಗ, "ಯುರೋಪಿಯಂ ಅಂತ, ಹೊಸಬ," ಎಂದುಬಿಟ್ಟಿದ್ದಳು. ಅಂದಿನಿಂದ ಓಣಿಯ ಹೆಂಗಸರಿಗೆ ಅವಳು ಸಿನಿಮಾದವಳು. ಪ್ರಯೋಗಾಲಯದಲ್ಲಿ ಎಲ್ಲರಿಗೂ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಪ್ರೊಫೆಸರಿಗೂ ಅಕ್ಕನೇ.

ಪದವಿ ಮುಗಿಸಿದ ವರ್ಷವೇ ಮದುವೆಯಾಗಿತ್ತು. ಮಗಳು ಅಂಗನವಾಡಿಗೆ ಹೋಗುವಷ್ಟಾದಾಗ, ಗಾಜಿನ ಸಾಮಾನು ತೊಳೆಯಲು ಜನ ಬೇಕೆಂಬ ಚೀಟಿ ನೋಡಿ ಇಲ್ಲಿಗೆ ಬಂದಳು. "ಪಾತ್ರೆ ತೊಳೆಯೋಕೆ ಅಷ್ಟು ದೂರ ಹೋಗ್ಬೇಕಾ? ಮನೇಲಿ ಇದಾವಲ್ಲ," ಎಂದಿದ್ದ ಗಂಡ. ತೊಳೆಯುತ್ತಲೇ ನೋಡಿದಳು, ನೋಡುತ್ತಲೇ ಕಲಿತಳು. ಬೆರಳಗಲದ ಕ್ವಾರ್ಟ್ಸ್ ಬಿಲ್ಲೆಯ ಮೇಲೆ ದ್ರಾವಣದ ನಾಲ್ಕು ಹನಿ ಬಿಟ್ಟು, ಅದನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ಗಿರಗಿರನೆ ತಿರುಗಿಸಿದರೆ ಹನಿ ಹರಡಿ ತೆಳ್ಳನೆಯ ಪೊರೆಯಾಗುತ್ತದೆ, ಅದೇ ಫಿಲ್ಮು. ಒಣಗಿಸಬೇಕು, ಮತ್ತೊಂದು ಪದರ ಹಾಕಬೇಕು. ಹೀಗೆ ಹತ್ತು ಪದರವಾದ ಮೇಲೆ ಕುಲುಮೆಯೊಳಗೆ ಒಂಬೈನೂರು ಡಿಗ್ರಿಯ ಕಾವು. ಇಷ್ಟೆಲ್ಲ ಆದರೂ ಪೊರೆಯ ದಪ್ಪ ತಲೆಗೂದಲಿನ ನೂರನೇ ಒಂದು ಪಾಲು. ದ್ರಾವಣದಲ್ಲಿ ಯುರೋಪಿಯಂ ಎಂಬ ವಿರಳ ಲೋಹದ ಅಯಾನುಗಳನ್ನು ಚೂರು ಬೆರೆಸಿರುತ್ತಾರೆ. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಅದರ ಮೇಲೆ ಬಿಟ್ಟರೆ, ಬರಿಗಾಜಿನಂತಿದ್ದ ಬಿಲ್ಲೆ ಕೆಂಪಗೆ ಬೆಳಗುತ್ತದೆ.

ಹನ್ನೆರಡು ವರ್ಷದಲ್ಲಿ ಅವಳ ಕೈಯಲ್ಲಿ ಬಿರುಕುಬಿಟ್ಟ ಪೊರೆಗಳನ್ನು ಬೆರಳಲ್ಲಿ ಎಣಿಸಬಹುದು. ಆದರೂ ಅವಳು ಇನ್ನೂ ಹಂಗಾಮಿ. ಪ್ರತಿ ಯೋಜನೆ ಮುಗಿದಾಗಲೂ ಕೆಲಸ ಮುಗಿಯುತ್ತಿತ್ತು, ಮತ್ತೊಂದು ಯೋಜನೆಯೊಂದಿಗೆ ಮತ್ತೆ ಶುರುವಾಗುತ್ತಿತ್ತು. ಈ ಸಲ ಪ್ರೊಫೆಸರು ಮೇಲಿನವರಿಗೆ ಪತ್ರ ಬರೆದಿದ್ದರು: ಯೋಜನೆ ಮುಂದುವರಿದರೆ ಇವರನ್ನು ಕಾಯಂ ಮಾಡಬೇಕು, ಇವರ ಅಳತೆಯ ಪುಸ್ತಕದಲ್ಲಿ ಇವತ್ತಿನವರೆಗೆ ಒಂದು ತಪ್ಪು ಸಿಕ್ಕಿಲ್ಲ. ಆ ಸಾಲನ್ನು ಅವಳಿಗೆ ಓದಿ ಹೇಳಿದ್ದರು ಕೂಡ. ಯೋಜನೆ ಮುಂದುವರಿಯುವುದೋ ಇಲ್ಲವೋ ಎಂಬುದು ಇವತ್ತು ಬರುವ ಪರೀಕ್ಷಕರ ಕೈಯಲ್ಲಿತ್ತು. ಹಳೆಯ ಗ್ರಾಫು ಎಷ್ಟೇ ಚೆನ್ನಾಗಿದ್ದರೂ, "ನನ್ನ ಕಣ್ಣೆದುರು ಅಳೆಯಿರಿ" ಎನ್ನುವ ಜಾತಿಯವರು ಎಂದು ಅವರಿಗೆ ಹೆಸರಿತ್ತು.

ಅವರಿಗೆ ತೋರಿಸಬೇಕಾದದ್ದು ಏಳನೇ ಬಿಲ್ಲೆ.

ಒಂದು ಸಾಲಿನಲ್ಲಿ ಎಂಟು ಬಿಲ್ಲೆ. ಒಂದರಿಂದ ಎಂಟಕ್ಕೆ ಹೋಗುತ್ತ ಯುರೋಪಿಯಂ ಹೆಚ್ಚುತ್ತದೆ. ಸಾಮಾನ್ಯವಾಗಿ ಐದರವರೆಗೆ ಬೆಳಕೂ ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ. ಒಂದೇ ಒಲೆಗೆ ಐದು ಜನ ಮುತ್ತಿದ ಹಾಗೆ, ಅಯಾನುಗಳು ಒತ್ತೊತ್ತಾಗಿ ನಿಂತರೆ ಒಂದರ ಶಕ್ತಿಯನ್ನು ಇನ್ನೊಂದು ಕಸಿದುಕೊಳ್ಳುತ್ತದೆ, ಬೆಳಕಾಗುವುದಿಲ್ಲ. ಆದರೆ ನಾಲ್ಕು ತಿಂಗಳ ಹಿಂದೆ ಅಳೆದಾಗ ಐದನೆಯದು ನಾಲ್ಕು ಸಾವಿರ ತೋರಿಸಿದ್ದರೆ, ಏಳನೆಯದು ಎಂಟು ಸಾವಿರದ ನಾನೂರು ತೋರಿಸಿತ್ತು, ಅಕ್ಕಪಕ್ಕದ ಆರು, ಎಂಟು ಅದಕ್ಕಿಂತ ತುಸು ಕಡಿಮೆ. ಪ್ರೊಫೆಸರು ಕುರ್ಚಿಯಿಂದ ಎದ್ದು ನಿಂತಿದ್ದರು. ಅದರ ಮೇಲೊಂದು ಲೇಖನವಾಯಿತು. ಗುಬ್ಬಿಯ ಪ್ರಬಂಧದ ಅರ್ಧಭಾಗ ಅದೇ ಆಯಿತು.

ಗುಬ್ಬಿ ಅಲ್ಲಿಯ ಸಂಶೋಧನಾ ವಿದ್ಯಾರ್ಥಿನಿ. ಆಳು ಸಣ್ಣ, ಮಾತು ಜಾಸ್ತಿ, ಇಡೀ ದಿನ ಏನಾದರೂ ಕುಟುಕುತ್ತಿರುವವಳು. ಈಗ ಮೂರು ವರ್ಷದ ಮಗನನ್ನು ಊರಲ್ಲಿ ತಾಯಿಯ ಹತ್ತಿರ ಬಿಟ್ಟು ಬಂದು, "ಇನ್ನೆರಡೇ ತಿಂಗಳು ಕಂದ" ಎಂದು ಫೋನಿನಲ್ಲಿ ಹೇಳುತ್ತ ಎರಡು ವರ್ಷ ಕಳೆದಿದ್ದಳು. ಈಗ ಪ್ರಬಂಧ ಒಪ್ಪಿಸಲು ನಿಜಕ್ಕೂ ಎರಡೇ ತಿಂಗಳಿತ್ತು.

ಅಕ್ಕ ಎಂಟು ಗಂಟೆಗೆ ಕತ್ತಲೆಕೋಣೆಯ ಬೀಗ ತೆಗೆದು ಅಳತೆಯ ಯಂತ್ರದ ದೀಪ ಹಚ್ಚಿದಳು. ಅದು ಹಳೆಯ ಕಾಲದ ಯಂತ್ರ. ಬೆಳಕು ಬರುವ ಕಿಂಡಿಯನ್ನು ಕೈಯಿಂದಲೇ ಹಿರಿದು ಕಿರಿದು ಮಾಡಬೇಕು, ಅದಕ್ಕೊಂದು ಗುಂಡಿ. ದೀಪ ಹದಕ್ಕೆ ಬರಲು ಅರ್ಧ ಗಂಟೆ ಕಾದಳು. ಗುಂಡಿಯನ್ನು ಎಂದಿನಂತೆ ಐದಕ್ಕೆ ಇಟ್ಟಳು. ಪರೀಕ್ಷಕರು ಬರುವ ಮೊದಲು ಒಂದು ಸಲ ಕೈ ಆಡಿಸಿಬಿಡೋಣ ಎಂದು ಐದನೇ ಬಿಲ್ಲೆ ಹಾಕಿದಳು. ನಾಲ್ಕು ಸಾವಿರದ ಹತ್ತು. ಸರಿ. ಏಳನೆಯದನ್ನು ಹಾಕಿದಳು.

ಎರಡು ಸಾವಿರದ ನೂರು.

ತೆಗೆದು, ಒರೆಸಿ, ಮತ್ತೆ ಹಾಕಿದಳು. ಎರಡು ಸಾವಿರದ ತೊಂಬತ್ತು. ಆರನೆಯದು, ಎಂಟನೆಯದು ನೋಡಿದಳು. ಅವೂ ಹಿಂದಿನದರ ಕಾಲುಭಾಗಕ್ಕೆ ಇಳಿದಿದ್ದವು. ಉಳಿದವನ್ನೂ ಹಾಕಿ ನೋಡಿದರೆ, ಒಂದರಿಂದ ಐದರವರೆಗಿನವು ಮಾತ್ರ ಹೇಗಿದ್ದವೋ ಹಾಗೇ ಇದ್ದವು.

ಅಷ್ಟರಲ್ಲಿ ಗುಬ್ಬಿ ಬಂದಳು. ಬಾಯಲ್ಲಿ ಬಿಸ್ಕತ್ತಿತ್ತು. ಅಂಕೆ ನೋಡಿ ಅಗಿಯುವುದನ್ನು ನಿಲ್ಲಿಸಿದಳು.

"ಅಕ್ಕ, ಇದು ಏಳನೆಯದಾ?"

"ಹೂಂ."

"ನಿಜ ಹೇಳಿ."

"ಸುಳ್ಳು ಹೇಳೋಕೆ ನಾನೇನು ನಿನ್ನ ಗಂಡನಾ?"

ಗುಬ್ಬಿ ನಗಲಿಲ್ಲ. ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು. "ನಂದೇ ತಪ್ಪು. ಡಬ್ಬಿಯೊಳಗೆ ತೇವ ಹೀರೋ ಮಣಿ ಇರುತ್ತಲ್ಲ, ಅದು ನೀಲಿ ಹೋಗಿ ಗುಲಾಬಿ ಆಗಿದ್ದನ್ನ ಹದಿನೈದು ದಿನದ ಹಿಂದೆಯೇ ನೋಡಿದ್ದೆ. ನಾಳೆ ಬಿಸಿ ಮಾಡಿ ಒಣಗಿಸೋಣ, ನಾಳೆ ಮಾಡೋಣ ಅಂತ ಬಿಟ್ಟೆ. ತೇವ ಹೊಡೆದುಬಿಟ್ಟಿದೆ ಅಕ್ಕ."

ಒಂಬೈನೂರು ಡಿಗ್ರಿಯ ಬೆಂಕಿಯಲ್ಲಿ ಬೆಂದು ಬಂದದ್ದಕ್ಕೆ ಇಷ್ಟು ತೇವ ಏನು ಮಾಡೀತು ಎಂದು ಅಕ್ಕನಿಗೆ ಅನ್ನಿಸಿತು. ಹೊಡೆದರೂ ಒಂದೇ ಡಬ್ಬಿಯ ಎಂಟರಲ್ಲಿ ಕೊನೆಯ ಮೂರಕ್ಕೆ ಮಾತ್ರ ಯಾಕೆ ಹೊಡೆಯಬೇಕು? ಕೇಳಲು ಬಾಯಿ ತೆರೆಯುವಷ್ಟರಲ್ಲಿ ಪ್ರೊಫೆಸರು ಬಾಗಿಲಲ್ಲಿದ್ದರು. ಇಸ್ತ್ರಿಯ ಗೆರೆ ಕೂಡ ಅಲುಗದ ಹೊಸ ಅಂಗಿ ಹಾಕಿದ್ದರು. ಆ ಅಂಗಿಯ ಹಿಂದೆಯೂ ಯಾರೋ ಬೆಳಗಿನ ಜಾವ ಎದ್ದಿರಬೇಕು.

ಗುಬ್ಬಿ ಎಲ್ಲವನ್ನೂ ತಾನೇ ಹೇಳಿದಳು. ಅವರು ಅಂಕೆಯನ್ನು ನೋಡಿದರು, ಗಡಿಯಾರ ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಿಮ್ಮ ವಶಕ್ಕೆ ಏನೇನು ಕೊಟ್ಟಿದ್ದೆ ನಾನು? ಒಂದು ಡಬ್ಬಿ. ಎಂಟು ಬಿಲ್ಲೆ."

"ಸರ್..."

"ಪರೀಕ್ಷಕರಿಗೆ ಇದ್ದದ್ದು ಇದ್ದ ಹಾಗೆ ಹೇಳೋಣ. ವಿದ್ಯಾರ್ಥಿನಿಯ ಅಜಾಗರೂಕತೆ, ಬಿಲ್ಲೆ ಕೆಟ್ಟಿದೆ, ಆದರೆ ಅಳತೆ ಸರಿಯಾಗಿದೆ. ಅಕ್ಕನ ಪುಸ್ತಕ ಇದೆ, ಅದನ್ನೇ ತೋರಿಸೋಣ. ನೀವು ಹೊಸದಾಗಿ ಮೂರು ಸಾಲು ಮಾಡಿ, ಅಳೆದು, ಆಮೇಲೆ ಪ್ರಬಂಧ ಕೊಡಿ."

"ಅದಕ್ಕೆ ಒಂದು ವರ್ಷ ಆಗುತ್ತೆ ಸರ್."

"ಆಗಲಿ. ಮಣಿ ಒಣಗಿಸೋಕೆ ಹತ್ತು ನಿಮಿಷ ಸಾಕಿತ್ತು." ಅಕ್ಕನ ಕಡೆ ತಿರುಗಿ ದನಿ ತಗ್ಗಿಸಿದರು. "ಅಕ್ಕ, ಅವತ್ತಿನ ಪುಟ ತೆರೆದಿಡಿ. ಅವರು ನಿಮ್ಮ ಬರವಣಿಗೆ ನೋಡಲಿ. ಇವತ್ತು ನನ್ನ ಮಾನ ಉಳಿಸೋದು ನಿಮ್ಮ ಪುಸ್ತಕ."

ಇಬ್ಬರೂ ಹೋದರು. ಹತ್ತು ಗಂಟೆಯಾಗಿತ್ತು.

ಅಕ್ಕ ಪುಸ್ತಕ ತೆರೆದಳು. ನೀಲಿ ರಟ್ಟಿನ, ಗೆರೆ ಎಳೆದ ಪುಸ್ತಕ. ದಿನಾಂಕ, ಬಿಲ್ಲೆ, ದೀಪ, ಕಿಂಡಿ, ಅಂಕೆ, ಷರಾ, ಸಹಿ. ಜೀವಮಾನದಲ್ಲಿ ತಾನು ಮಾಡಿದ ಕೆಲಸದ ಎದುರು ತನ್ನ ಸಹಿ ಬಿದ್ದ ಜಾಗ ಇದೊಂದೇ. ಅದಕ್ಕೇ ಅವಳು ಇದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಗುಬ್ಬಿ ಒಮ್ಮೆ ಇದರ ಮೇಲೆ ಚಹಾ ಲೋಟ ಇಟ್ಟಳೆಂದು ಎರಡು ದಿನ ಮಾತು ಬಿಟ್ಟಿದ್ದಳು.

ಅವತ್ತಿನ ಪುಟ ಸಿಕ್ಕಿತು. ಕಿಂಡಿಯ ಅಂಕಣದಲ್ಲಿ ಮೊದಲ ಬಿಲ್ಲೆಯ ಎದುರು ಐದು ಎಂದು ಬರೆದಿತ್ತು. ಕೆಳಗೆ ಎಂಟರವರೆಗೂ ಮೇಲಿನಂತೆ ಎಂದು ಸೂಚಿಸುವ ಎರಡೆರಡು ಪುಟ್ಟ ಗೀಟು. ಕೈ ತಾನೇ ತಾನಾಗಿ ಎಳೆಯುವ ಗೀಟುಗಳು. ಐದರ ಮತ್ತು ಆರರ ನಡುವೆ ಮಾತ್ರ ಶಾಯಿಯ ಬಣ್ಣ ಒಂದಿಷ್ಟು ಬದಲಾಗಿತ್ತು. ಬೇರೆ ಪೆನ್ನು.

ಬೇರೆ ಪೆನ್ನು ಯಾಕೆ?

ಆಗ ಅವಳಿಗೆ ಜ್ಞಾಪಕ ಬಂತು. ಐದನೆಯದು ಮುಗಿದಿತ್ತು. ಯುರೋಪಿಯಂ ಇಲ್ಲದ ಬೋಳು ಬಿಲ್ಲೆಯಿಂದ ಏನಾದರೂ ಬೆಳಕು ಬರುತ್ತದೆಯೋ ನೋಡೋಣ ಎಂದು ಅದನ್ನು ಹಾಕಿ, ಏನೂ ಕಾಣದೆ, ಕಿಂಡಿಯನ್ನು ಹತ್ತಕ್ಕೆ ತಿರುಗಿಸಿದ್ದಳು. ಅಷ್ಟರಲ್ಲಿ ಫೋನು ಬಂತು. ಗಂಡನದು.

"ಅಮ್ಮನ ಮಧ್ಯಾಹ್ನದ ಮಾತ್ರೆ ಎಲ್ಲಿ?"

"ಎಲ್ಲಿರುತ್ತೋ ಅಲ್ಲೇ. ಕಪಾಟಿನ ಎರಡನೇ ಹಲಗೆ."

"ಇಲ್ಲ ಇಲ್ಲಿ."

"ಬಟ್ಟಲು ಮುಚ್ಚಿದೆ, ಮುಚ್ಚಳ ತೆಗೀರಿ."

"ಯಾವ ಬಟ್ಟಲು? ಮೂರಿವೆ."

ಮೊಗಸಾಲೆಯಲ್ಲಿ ನಿಂತು ನಾಲ್ಕು ನಿಮಿಷ ಮೂರು ಬಟ್ಟಲುಗಳ ಭೂಗೋಳ ವಿವರಿಸಿದ್ದಳು. ಪೆನ್ನನ್ನು ಅಲ್ಲೇ ಕಿಟಕಿಯ ಮೇಲೆ ಮರೆತು ಬಂದಿದ್ದಳು. ಬಂದವಳೇ ಬೋಳು ಬಿಲ್ಲೆ ತೆಗೆದು, ಆರನೆಯದು ಹಾಕಿ, ಬೇರೆ ಪೆನ್ನಿನಿಂದ ಎರಡು ಗೀಟು ಎಳೆದಿದ್ದಳು. ಕಿಂಡಿ ಹತ್ತರಲ್ಲೇ ಉಳಿದಿತ್ತು. ಈ ಯಂತ್ರದಲ್ಲಿ ಕಿಂಡಿ ಎರಡರಷ್ಟಾದರೆ ಬೆಳಕು ನಾಲ್ಕರಷ್ಟು. ಏಳನೇ ಬಿಲ್ಲೆ ಯಾವ ನಿಯಮವನ್ನೂ ಮುರಿದಿರಲಿಲ್ಲ. ಬಾಗಿಲು ದೊಡ್ಡದಾಗಿ ತೆರೆದುಕೊಂಡಿತ್ತು, ಅಷ್ಟೇ.

ಇನ್ನೊಂದೂ ನೆನಪಾಯಿತು. ಅಳೆದ ಮಾರನೇ ದಿನ ಎಂಟನ್ನೂ ಸಾಲಾಗಿಟ್ಟು ಅತಿನೇರಳೆಯ ಕೈದೀಪದಡಿ ನೋಡಿದ್ದಾಗ ಐದನೆಯದೇ ಹೆಚ್ಚು ಕೆಂಪಗೆ ಕಂಡಿತ್ತು. ಕಾಳಿನಲ್ಲಿ ಕಲ್ಲು ಹೆಕ್ಕಿ ಪಳಗಿದ ಕಣ್ಣು ಅವಳದು. ಆದರೂ ಯಂತ್ರಕ್ಕಿಂತ ನಾನು ಹೆಚ್ಚಾ ಎಂದುಕೊಂಡು ಸುಮ್ಮನಿದ್ದಳು. ಸುಮ್ಮನಿರುವುದು ಅಭ್ಯಾಸವಾಗಿಬಿಟ್ಟರೆ ಕಣ್ಣು ಕಂಡದ್ದನ್ನೂ ಬಾಯಿ ನಂಬುವುದಿಲ್ಲ.

ಖಾತ್ರಿ ಮಾಡಿಕೊಳ್ಳಬೇಕಿತ್ತು. ಏಳನೇ ಬಿಲ್ಲೆಯನ್ನು ಹಾಕಿ ಗುಂಡಿಯನ್ನು ಹತ್ತಕ್ಕೆ ತಿರುಗಿಸಿದಳು. ಎಂಟು ಸಾವಿರದ ಮುನ್ನೂರ ತೊಂಬತ್ತು.

ಅಂಕೆ ಪರದೆಯ ಮೇಲೆ ಹಸಿರಾಗಿ ನಿಂತಿತು. ಅವಳು ಕೈ ತೆಗೆಯಲಿಲ್ಲ. ಎಷ್ಟು ಸುಲಭ. ಪರೀಕ್ಷಕರು ಬಂದಾಗ ಗುಂಡಿ ಇಲ್ಲೇ ಇದ್ದರಾಯಿತು. ಕತ್ತಲೆಕೋಣೆಯಲ್ಲಿ ಯಾರು ಗುಂಡಿಯನ್ನು ನೋಡುತ್ತಾರೆ, ಎಲ್ಲರೂ ಅಂಕೆಯನ್ನು ನೋಡುತ್ತಾರೆ. ಬೆಳಿಗ್ಗೆ ಬಿಲ್ಲೆ ಓರೆಯಾಗಿ ಕೂತಿತ್ತು ಸರ್, ಈಗ ಸರಿಯಾಯಿತು ಎಂದರೆ ಮುಗಿಯಿತು. ಗುಬ್ಬಿಯ ತಲೆಯ ಮೇಲಿನ ಕಲ್ಲು ಇಳಿಯುತ್ತದೆ. ಯೋಜನೆ ಮುಂದುವರಿಯುತ್ತದೆ. ತಾನು ಕಾಯಂ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದೇ ಅಲ್ಲವೇ?

ಏನೂ ಮಾಡದೆ ಸುಮ್ಮನಿದ್ದರೂ ಅವಳಿಗೆ ನಷ್ಟವಿರಲಿಲ್ಲ. ಪುಸ್ತಕ ತೆರೆದಿದೆ, ಸಹಿ ಇದೆ. ಗುಬ್ಬಿ ತಪ್ಪು ಒಪ್ಪಿಕೊಂಡಾಗಿದೆ.

ಫೋನು ನಡುಗಿತು. ಗಂಡ.

"ಎಲ್ಲಿದ್ದೀಯ?"

"ಇನ್ನೆಲ್ಲಿರಲಿ? ಹೇಳಿ."

"ಗ್ಯಾಸ್ ಮುಗಿದಿದೆ. ಅಮ್ಮನಿಗೆ ಕಾಫಿ ಬೇಕಂತೆ. ಏನು ಮಾಡಲಿ?"

"ಫ್ಲಾಸ್ಕಲ್ಲಿ ಇದೆ."

"ಫ್ಲಾಸ್ಕ್ ಎಲ್ಲಿ?"

"ನಿಮ್ಮ ಮೂಗಿನ ಕೆಳಗೆ. ಮೇಜಿನ ಮೇಲೆ." ಫೋನು ಇಡುವ ಮೊದಲು, "ನೋಡಿ, ಹನ್ನೆರಡರವರೆಗೆ ಫೋನ್ ಮಾಡ್ಬೇಡಿ," ಎಂದಳು.

"ಯಾಕೆ, ಶೂಟಿಂಗಾ?" ಎಂದು ಅವನು ನಕ್ಕ. ಕೆಟ್ಟವನಲ್ಲ. ಮನೆಯೆಲ್ಲ ಅವಳ ತಲೆಯೊಳಗಿದೆ ಎಂದು ಮಾತ್ರ ಅವನಿಗೆ ಗೊತ್ತಿತ್ತು, ಆ ತಲೆಯೊಳಗೆ ಬೇರೇನಾದರೂ ಇರಬಹುದು ಎಂದು ಗೊತ್ತಿರಲಿಲ್ಲ. ಅವಳು ಫೋನಿನ ಬಾಯಿ ಮುಚ್ಚಿಸಿ ಚೀಲಕ್ಕೆ ಹಾಕಿದಳು.

ಬಾಗಿಲು ಸರಿದು ಗುಬ್ಬಿ ಬಂದಳು. ಮುಖ ತೊಳೆದುಕೊಂಡಿದ್ದಳು, ಮೂಗಿನ ತುದಿ ಕೆಂಪಗಿತ್ತು. ಅಕ್ಕ ಸರಕ್ಕನೆ ಗುಂಡಿಯನ್ನು ಐದಕ್ಕೆ ತಂದಳು.

"ಅಕ್ಕ, ಹೇಗೆ ಹೇಳಲಿ ಅಂತ ಒಂದು ಸಲ ಹೇಳಿ ನೋಡ್ತೀನಿ, ಕೇಳಿಸ್ಕೊಳ್ಳಿ. 'ಬಿಲ್ಲೆಗಳನ್ನು ಕಾಪಾಡುವುದು ನನ್ನ ಜವಾಬ್ದಾರಿಯಾಗಿತ್ತು. ನನ್ನ ಉದಾಸೀನದಿಂದ ಅವು ಹಾಳಾದವು.' ಉದಾಸೀನ ಅನ್ನಲಾ, ಅಜಾಗರೂಕತೆ ಅನ್ನಲಾ?"

"ಯಾವುದಾದ್ರೇನು."

"ಅಜಾಗರೂಕತೆ ಅಂದ್ರೆ ಅಳು ಬರುತ್ತೆ. ಉದಾಸೀನನೇ ಇರಲಿ." ಜೇಬಿನಿಂದ ಬಿಸ್ಕತ್ತು ತೆಗೆದು, ನೋಡಿ, ಮತ್ತೆ ಒಳಗಿಟ್ಟಳು. "ಅಮ್ಮನಿಗೆ ಈಗಲೇ ಫೋನ್ ಮಾಡಿ ಇನ್ನೊಂದು ವರ್ಷ ಅಂದೆ. ಅವಳು ಮಗು ಕೈಗೆ ಫೋನ್ ಕೊಟ್ಟಳು. ಅವನು ನನ್ನನ್ನ ಚಿಕ್ಕಮ್ಮ ಅಂದ." ಬಾಗಿಲ ಹತ್ತಿರ ಹೋಗಿ ನಿಂತಳು. "ನಿಮ್ಮ ಪುಸ್ತಕ ಇರೋದಕ್ಕೆ ಬಚಾವ್ ಅಕ್ಕ. ಇಲ್ಲದಿದ್ರೆ ಮೊದಲಿನ ಅಳತೆಯೇ ಸುಳ್ಳು ಅಂತಿದ್ರು."

ಅಕ್ಕ ಹೇಳಬೇಕೆಂದು ತುಟಿ ಬಿಚ್ಚಿದಳು. ಹೊರಗಿನಿಂದ ಪ್ರೊಫೆಸರು ಯಾರಿಗೋ, "ಕಾರು ಗೇಟಿಗೆ ಬಂತಂತೆ, ಬನ್ನಿ," ಎನ್ನುವುದು ಕೇಳಿತು. ಗುಬ್ಬಿ ಓಡಿದಳು.

ಗೇಟಿನಿಂದ ಇಲ್ಲಿಗೆ ಎರಡು ಮಹಡಿ. ಪ್ರೊಫೆಸರು ಮೊದಲು ತಮ್ಮ ಕೋಣೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು.

ಹತ್ತಕ್ಕೆ ತಿರುಗಿಸಿದರೆ? ಇವತ್ತು ಉಳಿಯುತ್ತದೆ. ನಾಳೆ ಇನ್ನಾವುದೋ ಊರಿನಲ್ಲಿ ಇನ್ಯಾವಳೋ ಗಾಜು ತೊಳೆಯುವವಳು, ಅವರ ಲೇಖನ ನೋಡಿ ಏಳನೇ ಬಿಲ್ಲೆ ಮಾಡುತ್ತಾಳೆ. ಬೆಳಗುವುದಿಲ್ಲ. ಮತ್ತೆ ಮಾಡುತ್ತಾಳೆ. ಅವಳ ಮೇಷ್ಟ್ರು ಅವಳ ಕೈಯನ್ನೇ ದೂರುತ್ತಾರೆ. ಐದರಲ್ಲಿ ಬಿಟ್ಟು ಬಾಯಿ ಮುಚ್ಚಿಕೊಂಡರೆ? ಗುಬ್ಬಿ ಒಂದು ವರ್ಷ ಹೊಸ ಬಿಲ್ಲೆ ಮಾಡುತ್ತ ಕೂರುತ್ತಾಳೆ, ಬಾರದ ಬೆಳಕಿಗೆ ಕಾಯುತ್ತ. ಬಾರದಿದ್ದಾಗ ಅದೂ ಅವಳದೇ ತಪ್ಪಾಗುತ್ತದೆ. ಮನೆಯಲ್ಲಿ ಮಾಡದ ತಪ್ಪಿಗೂ ತಲೆ ಕೊಟ್ಟು ಅಭ್ಯಾಸವಿರುವ ಹೆಣ್ಣು ಇಲ್ಲೂ ತಾನಾಗಿ ಬಂದು ತಲೆ ಕೊಟ್ಟಿತ್ತು. ಅದನ್ನು ಕಂಡೂ ಒಪ್ಪಿಕೊಳ್ಳಲು ಅಕ್ಕ ಎಷ್ಟು ಹೊತ್ತಿನಿಂದ ಲೆಕ್ಕ ಹಾಕುತ್ತಿದ್ದಾಳೆ!

ಆದರೆ ಹೇಳಿದರೆ? ಕಾಯಂ ಮಾತು ಹೋಯಿತು. ಯೋಜನೆಯೂ ಹೋಗಬಹುದು. ಒಂದು ತಪ್ಪು ಸಿಕ್ಕಿಲ್ಲ ಎಂದು ಬರೆದವರೇ ನಾಳೆ, ಇಂಥ ಎಷ್ಟು ಪುಟಗಳಿವೆಯೋ ಎಂದು ಹನ್ನೆರಡು ವರ್ಷವನ್ನು ಹಿಂದೆ ತಿರುವುತ್ತಾರೆ. ಗುಬ್ಬಿಯ ಪ್ರಬಂಧದ ಅರ್ಧಭಾಗ ಹೇಗಿದ್ದರೂ ಬಿದ್ದುಹೋಗುತ್ತದೆ. ಉಳಿಯುವುದು ಅವಳ ಒಳ್ಳೆಯ ಹೆಸರು ಮಾತ್ರ. ನಾಳೆಯಿಂದ ತನಗೆ ಬೆಳಗಿನ ಕೆಲಸಗಳೆಲ್ಲ ಮುಗಿದ ಮೇಲೆ ಹೋಗಲು ಜಾಗವೇ ಇರಲಿಕ್ಕಿಲ್ಲ. ಅಕ್ಕ ಸ್ಟೂಲು ಎಳೆದುಕೊಂಡು ಕೂತಳು.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಮಾತು. ನಗು. ಪ್ರೊಫೆಸರ ಕೋಣೆಯ ಬಾಗಿಲು ತೆರೆದು ಮುಚ್ಚಿತು.

ಅಕ್ಕ ಪೆನ್ನಿನ ಮುಚ್ಚಳ ತೆಗೆದಳು. ಆರು, ಏಳು, ಎಂಟರ ಎದುರಿನ ಗೀಟುಗಳ ಮೇಲೆ ಒಂದೊಂದು ನೇರ ಗೆರೆ ಎಳೆದಳು, ಕೆಳಗಿನದು ಓದಲು ಬರುವಂತೆ. ಪಕ್ಕದಲ್ಲಿ ಹತ್ತು, ಹತ್ತು, ಹತ್ತು ಎಂದು ಬರೆದಳು. ಇವತ್ತಿನ ಅಂಕೆಗಳನ್ನು ಐದರ ಕಿಂಡಿಯಲ್ಲಿ ಬಂದಂತೆ ಕೆಳಗೆ ಬರೆದಳು. ಷರಾ ಎಂಬ ಜಾಗಕ್ಕೆ ಬಂದಾಗ ಕೈ ನಿಂತಿತು. "ಮನೆಯಿಂದ ಫೋನು ಬಂದ ಕಾರಣ" ಎಂಬ ಮಾತು ಪೆನ್ನಿನ ತುದಿಗೆ ಬಂದಿತ್ತು. ನಿಜವೇ ಅದು. ಆದರೆ ಬರೆದರೆ, ಹೆಂಗಸರ ತಲೆ ಸದಾ ಮನೆಯಲ್ಲೇ ಎನ್ನುವವರಿಗೆ ತನ್ನ ಕೈಯಾರೆ ಸಾಕ್ಷಿ ಬರೆದುಕೊಟ್ಟ ಹಾಗೆ. ಆ ಫೋನಿನ ವಿಚಾರಣೆ ಬೇರೆ ಕಡೆ ನಡೆಯಬೇಕು, ಬೇರೆಯವನ ಜೊತೆ.

"ಕಿಂಡಿ ಬದಲಿಸಿದ್ದನ್ನು ಬರೆಯಲಿಲ್ಲ. ತಪ್ಪು ನನ್ನದು. ಬಿಲ್ಲೆಗಳು ಕೆಟ್ಟಿಲ್ಲ."

ಸಹಿ ಹಾಕಿದಳು, ದಿನಾಂಕ ಹಾಕಿದಳು. ಶಾಯಿ ಆರಲೆಂದು ಒಮ್ಮೆ ಊದಿದಳು. ಯಂತ್ರದ ಗುಂಡಿಯನ್ನು ಮುಟ್ಟಿ ನೋಡಿದಳು, ಐದರಲ್ಲೇ ಇತ್ತು. ಆಮೇಲೆ ಪುಸ್ತಕವನ್ನು ಎದೆಗೊತ್ತಿಕೊಂಡು, ಅವರು ಇಲ್ಲಿಗೆ ಬರುವವರೆಗೆ ಕಾಯದೆ, ಮೊಗಸಾಲೆಯ ಆ ತುದಿಯ ಮುಚ್ಚಿದ ಬಾಗಿಲಿನ ಕಡೆಗೆ ತಾನೇ ನಡೆದಳು.